ಆರು ಬದಾಮ

"ನಾಲ್ಕು ಇಸ್ಪೀಕ," ಅಂದ ಸತೀಶಕುಮಾರ.

ಸುಜಾತಾ ಒಮ್ಮೆ ತಲೆಯೆತ್ತಿ, ಬ್ರಿಜ್ ಮೇಜಿನಲ್ಲಿ ತನ್ನ ಜೋಡಿಯಾಗಿ ಎದುರಿಗೆ ಕೂತ ಗಂಡನನ್ನು ನೋಡಿ ಮತ್ತೆ ತನ್ನ ಹದಿಮೂರು ಎಲೆಗಳಿಗೆ ಮರಳಿದಳು. ಇಸ್ಪೀಕವೇ ತುರುಫು, ಉಳಿದ ಬಣ್ಣಗಳನ್ನು ಕತ್ತರಿಸುವ ಬಣ್ಣ, ಎಂದು ಇಬ್ಬರೂ ಆಗಲೇ ಒಪ್ಪಿಯಾಗಿತ್ತು. ಅಲ್ಲಿಂದ ಮುಂದೆ ಕೂಗುವ ಮಾತು, ಅಂದರೆ ಬಿಡ್, ಎಲ್ಲ ಎಕ್ಕಗಳ ವಿಚಾರಣೆ. ಅವನು ನಾಲ್ಕು ಕಿಲವರ ಅಂದಿದ್ದ, ಕಿಲವರದ ಎಕ್ಕ ತನ್ನಲ್ಲಿದೆ ಎಂದು ಅದರ ಅರ್ಥ. ಅವಳು ನಾಲ್ಕು ಚೌಕಟ ಅಂದು ತನ್ನ ಎಕ್ಕವನ್ನು ತಿಳಿಸಿದ್ದಳು. ಈಗ ಅವನು ಸರದಿಯಲ್ಲಿ ಮುಂದಿದ್ದ ಬದಾಮವನ್ನು ದಾಟಿ ತುರುಫಿಗೆ ಮರಳಿದ್ದ. ದಾಟಿದ ಬಣ್ಣದ ಎಕ್ಕ ಇಲ್ಲ ಎಂದೇ ಲೆಕ್ಕ.

ಅವಳ ಕೈಯಲ್ಲಿ ಬದಾಮದ ಎರಡೇ ಎಲೆ, ನಾಲ್ಕು ಮತ್ತು ಏಳು. ಎದುರಾಳಿಗಳು ಬದಾಮದ ಎಕ್ಕ, ರಾಜ ಎರಡನ್ನೂ ಹೊಡೆದರೆ ಹದಿಮೂರು ಸುತ್ತಿನಲ್ಲಿ ಹನ್ನೆರಡು ಟ್ರಿಕ್ ಗೆಲ್ಲಬೇಕಾದ ಆರರ ಬಿಡ್, ಆ ಸ್ಲ್ಯಾಮ್, ಅಲ್ಲೇ ಮುಗಿಯುತ್ತದೆ. ರಾಜ ಸತೀಶನ ಹತ್ತಿರ ಇದ್ದರೆ ಉಳಿಯುತ್ತದೆ. ರಾಜನನ್ನು ಹೇಳುವ ಬಿಡ್ ಅವರ ಪದ್ಧತಿಯಲ್ಲಿ ಇರಲಿಲ್ಲ. ಔರಾದದಲ್ಲಿ ಅವಳು ಕಲಿತ ಹಳೆಯ ಪದ್ಧತಿ ಅದು, ಮೊದಲು ಎಕ್ಕ ಮಾತ್ರ. ನಿಲ್ಲಬೇಕಾದ ಜಾಗ ಇದೇ.

ಆದರೆ ಎದೆಯ ಕೆಳಗೆ ಎಲ್ಲೋ ಅವಳಿಗೆ ಪರಿಚಯವಿದ್ದ ಆ ತಣ್ಣಗಿನ ಖಾತ್ರಿ ಎದ್ದು ಕೂತಿತು. ಇದೆ, ರಾಜ ಇದೆ. ಈ ಖಾತ್ರಿಗೆ ಕ್ಲಬ್ಬಿನಲ್ಲಿ ಹೆಸರೇ ಇತ್ತು, ಸುಜಾತಾಬಾಯಿಯ ತಲೆ.

"ಆರು ಇಸ್ಪೀಕ."

ಸತೀಶನ ಹುಬ್ಬು ಮೇಲೆ ಹೋಯಿತು. ಅವನ ಎಡಗಡೆ ಕೂತಿದ್ದ ಎದುರಾಳಿ ಮುಬಶ್ಶೀರ ತಡಮಾಡದೆ ಬದಾಮದ ಎಕ್ಕ ಎಸೆದ. ಆಟವನ್ನು ಗಂಡನೇ ಆಡಬೇಕಾಗಿದ್ದರಿಂದ ನಿಯಮದಂತೆ ಸುಜಾತಾ ತನ್ನ ಎಲೆಗಳನ್ನೆಲ್ಲ ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಹಾಸಿದಳು. ಮುಬಶ್ಶೀರನ ಅಕ್ಕ, ಅವನ ಜೋಡಿ ಅಂಜುಮ ಆ ಸಾಲುಗಳ ಮೇಲೆ ಕಣ್ಣಾಡಿಸುತ್ತ ಬಂದು ಬದಾಮದ ನಾಲ್ಕು, ಏಳರ ಹತ್ತಿರ ನಿಂತಳು. ಆಮೇಲೆ ಸುಜಾತಾಳ ಮುಖ ನೋಡಿದಳು. ಮುಬಶ್ಶೀರ ಎರಡನೆಯ ಎಲೆ ಎಸೆದ. ಬದಾಮದ ರಾಜ.

"ಇದೇನ್ರಿ ಭಾಭಿ," ಅವನು ನಕ್ಕ. "ಎರಡು ಪುಡಿ ಬದಾಮ ಇಟ್ಕೊಂಡು ಆರು ಅಂತೀರಿ? ಹಿಮ್ಮತ್ ಅಂದ್ರ ನಿಮ್ದೇ ಬಿಡ್ರಿ."

ಅಂಜುಮ ನಗಲಿಲ್ಲ.

ಕ್ಲಬ್ಬಿನ ವಾರ್ಷಿಕ ಫೈನಲ್ಲು. ಇಪ್ಪತ್ತು ಆಟಗಳಲ್ಲಿ ಹದಿನಾರು ಮುಗಿದಿದ್ದವು, ಈ ಒಂದು ಕಳೆದುಕೊಂಡರೂ ಸತೀಶ, ಸುಜಾತಾ ಜೋಡಿಯೇ ಇನ್ನೂ ಮುಂದಿತ್ತು. ಆಟ ನಡೆಸುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ಹಣಮಂತಪ್ಪ ಚಹಾಕ್ಕೆ ಹದಿನೈದು ನಿಮಿಷ ಬಿಟ್ಟರು.

ಭಾಲ್ಕಿಯ ಮನೆಯಲ್ಲಿ ಸತೀಶಕುಮಾರನ ಮಾತು ಮುಗಿಯುವುದೇ ಇಲ್ಲ. ಹಲಬರ್ಗಾದ ಹೊಲಕ್ಕೆ ಈ ಸಲ ಸೋಯಾ ಹಾಕಬೇಕೋ ತೊಗರಿಯೋ, ಮಗಳು ಶೀತಲಗೆ ಎಂಥ ಮನೆತನ ನೋಡಬೇಕು, ಸುಜಾತಾಳ ಶಾಲೆಯ ಹೆಡ್‌ಮಾಸ್ತರರಿಗೆ ಅವಳು ಏನೆಂದು ಉತ್ತರ ಕೊಡಬೇಕು, ಎಲ್ಲಕ್ಕೂ ಅವನ ಹತ್ತಿರ ತಯಾರಾದ ವಾಕ್ಯ ಇರುತ್ತದೆ. ಪಲ್ಯಕ್ಕೆ ಉಪ್ಪು ಹಾಕುವ ಮೊದಲೇ ಉಪ್ಪಿನ ಬಗ್ಗೆ ಹೇಳುತ್ತಾನೆ. ಬ್ರಿಜ್ ಮೇಜಿನ ಮುಂದೆ ಮಾತ್ರ ಅವನು ಬಾಯಿ ಮುಚ್ಚಿಕೊಂಡು ಕೂಡಬೇಕು. ಬಿಡ್ ಬಿಟ್ಟು ಬೇರೊಂದು ಶಬ್ದ ಜೊತೆಗಾರ್ತಿಗೆ ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಆಟದ ಮೂಲ ಕಾಯಿದೆಯೇ ಅದು. ಎಂಟು ವರ್ಷಗಳಿಂದ ಪ್ರತಿ ಭಾನುವಾರ ಭಾಲ್ಕಿಯಿಂದ ಬೀದರಕ್ಕೆ ಕಾರಿನಲ್ಲಿ ಅವನ ಮಾತು ಕೇಳುತ್ತ ಬಂದು, ಈ ಹಸಿರು ಬಟ್ಟೆಯ ಮುಂದೆ ಕೂತಾಗ ಸುಜಾತಾಳಿಗೆ ಕಿವಿಯೊಳಗೆ ಗಾಳಿ ಆಡಿದಂತಾಗುತ್ತಿತ್ತು. ಇಲ್ಲಿ ಅವಳು ಏನು ಹೇಳಬೇಕು ಅನ್ನುವುದನ್ನು ಅವಳೇ ಯೋಚಿಸಬೇಕು. ಐವತ್ತೆರಡು ವರ್ಷದ ಬದುಕಿನಲ್ಲಿ ಪೂರ್ತಿ ತನ್ನದು ಅನ್ನಬಹುದಾದದ್ದು ಏನಾದರೂ ಇದ್ದರೆ ಈ ಯೋಚನೆ ಎಂದು ಅವಳು ನಂಬಿದ್ದಳು.

ಹಿಂದಿನ ವರಾಂಡದಲ್ಲಿ ಸತೀಶ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದ. ಅವಳನ್ನು ಕಂಡು ಹತ್ತಿರ ಬಂದ. ತುಟಿ ಎಣ್ಣೆಯಿಂದ ಹೊಳೆಯುತ್ತಿತ್ತು.

"ಕಣ್ಣಿಲ್ಲೇನು ನಿನಗ?" ಅಂದ, ದನಿ ತಗ್ಗಿಸಿ. "ಟೇಬಲ್ ಹಸಿ ಇತ್ತು."

"ಏನಂದ್ರಿ?"

"ಟೇಬಲ್ ಹಸಿ ಇತ್ತು ಅಂದೆ. ಆ ಚಹಾ ಕೊಡೂ ಕಾಶೀರಾಮ ಮುದುಕ ಚಹಾ ಚೆಲ್ಲಿ ಹೋಗಿದ್ದಿಲ್ಲೇನು ನನ್ನ ಮುಂದ? ಎಲಿ ಎಲ್ಲಿಡ್ಲಿ ನಾ, ಚಹಾದಾಗ? ಅದಕ್ಕ ಕೈಯಾಗ ಹಿಡಕೊಂಡು ಕುಂತಿದ್ದೆ. ನೀ ನೋಡಿದ್ರ ಸೀದಾ ಆರಕ್ಕ ಹಾರಿಬಿಟ್ಟಿ."

ಸುಜಾತಾಳಿಗೆ ಮೊದಲು ಆ ಮಾತು ಒಳಗೆ ಇಳಿಯಲೇ ಇಲ್ಲ.

"ನೀವು ಎಲಿ ಇಡೂದಕ್ಕೂ ನಾ ಆರು ಅನ್ನೂದಕ್ಕೂ ಏನ್ರಿ ಸಂಬಂಧ?"

ಸತೀಶ ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಆಮೇಲೆ ಅವನ ಮುಖದ ಮೇಲೆ ನಗು ಹರಡಿತು, ತಮಾಷೆಯ ಮಗುವಿನ ಮುಂದೆ ನಗುವಂಥದ್ದು.

"ಎಂಟು ವರ್ಷ ನೋಡಕೋತ ಬಂದು ಇವತ್ತ ಕೇಳ್ತಿ? ಹೇಳೂದು ಮುಗೀತು ಅಂದ್ರ ಎಲಿ ಮಡಚಿ ಕೆಳಗ ಇಡ್ತೇನಿ. ಇನ್ನೂ ಏನರೆ ಅದ ಅಂದ್ರ ಕೈಯಾಗ ಹಿಡೀತೇನಿ. ಇಷ್ಟೇ. ನಾ ಏನ್ ನಿನಗ ಕಲಿಸೇನೇನು? ನೀನೇ ನೋಡಿ ನೋಡಿ ಕಲ್ತಿ. ಶಾಣ್ಯಾ ಇದ್ದಿ ಅದಕ್ಕ." ಅವನು ಎಣ್ಣೆಯ ಕೈಯಿಂದಲೇ ಅವಳ ಬೆನ್ನು ತಟ್ಟಿದ. "ಹೋಗ್ಲಿ ಬಿಡು, ಇನ್ನ ನಾಲ್ಕ ಆಟ ಉಳದಾವ. ಈಗ ಬಟ್ಟಿ ಒಣಗ್ಯದ. ನೆಟ್ಟಗ ನೋಡು."

ಬ್ಲೌಸಿನ ಬಟ್ಟೆಯ ಮೂಲಕ ಆ ಬೆರಳುಗಳ ಬಿಸಿ ಅವಳ ಚರ್ಮಕ್ಕೆ ತಾಕಿತು. ಎಷ್ಟೋ ವರ್ಷಗಳಿಂದ ಆ ಕೈ ಗೊತ್ತು. ಆದರೂ ಯಾರೋ ಅಪರಿಚಿತ ಬಸ್ಸಿನ ನೂಕುನುಗ್ಗಲಿನಲ್ಲಿ ಮುಟ್ಟಿದಂತೆ ಅವಳ ಬೆನ್ನು ತಾನಾಗಿ ಮುಂದಕ್ಕೆ ಬಾಗಿತು. ಅವನ ಹಲ್ಲಿನ ಸಂದಿಯಲ್ಲಿ ಮೆಣಸಿನಕಾಯಿಯ ಒಂದು ಬೀಜ ಸಿಕ್ಕಿಕೊಂಡಿತ್ತು. ಅದನ್ನು ನೋಡುತ್ತ ನಿಂತಳು.

ಆಮೇಲೆ ಒಂದೊಂದಾಗಿ ನೆನಪಾಗತೊಡಗಿದವು. ಹೋದ ವರ್ಷದ ಫೈನಲ್ಲಿನ ಆರು ಚೌಕಟ. ಅವಳು ಆ ಬಿಡ್ ಹೇಳಿದಾಗ ಸುತ್ತ ನಿಂತವರು ಚಪ್ಪಾಳೆ ತಟ್ಟಿದ್ದರು. ಮರುದಿನ ಅವಳು ಸ್ಟಾಫ್ ರೂಮಿನಲ್ಲಿ ಅದನ್ನು ಆಟವೇ ಗೊತ್ತಿಲ್ಲದವರಿಗೂ ವಿವರಿಸಿದ್ದಳು. ಸತೀಶನ ಕೈ ಅವತ್ತು ಎಲ್ಲಿತ್ತು? ಎಲೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಅವನ ಎದೆಯ ಹತ್ತಿರ ಇದ್ದವು. ಅದರ ಹಿಂದಿನ ವರ್ಷ ಉದಗೀರದವರ ಮೇಲೆ ನಾಲ್ಕಕ್ಕೇ ನಿಂತಿದ್ದು, ಎಂಥ ಸಂಯಮ ಅಂದಿದ್ದರು ಹಣಮಂತಪ್ಪ. ಎಲೆಗಳು ಮಡಚಿ ಬಟ್ಟೆಯ ಮೇಲಿದ್ದವು, ಅವುಗಳ ಮೇಲೆ ಅವನ ಹಸ್ತ. ಒಂದು ಬಿಡ್ ನೆನಪಾದರೆ ಅದರ ಹಿಂದೆಯೇ ಆ ಕೈ. ಕೈಯಿಲ್ಲದ ಬಿಡ್ ಒಂದಾದರೂ ಸಿಗಬಹುದೆಂದು ಅವಳು ವರಾಂಡದ ಕಂಬಕ್ಕೆ ಒರಗಿ ಹುಡುಕಿದಳು.

ಔರಾದ ಹತ್ತಿರದ ಡಾಬಕಾದಲ್ಲಿ ಕುರಿ ಕಾಯುವವರು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಸಣ್ಣಗೆ ಒಂದು ಸದ್ದು ಮಾಡುತ್ತಾರೆ. ಮೇಯುತ್ತಿದ್ದ ಹಿಂಡು ತಲೆ ಕೂಡ ಎತ್ತದೆ ಬಲಕ್ಕೆ ಹೊರಳುತ್ತದೆ. ಕುರಿಗೆ ತಾನೇ ಹೊರಳಿದೆ ಅನಿಸುತ್ತಿರಬೇಕು.

ನಲ್ಲಿಯ ಹತ್ತಿರ ಅಂಜುಮ ಕೈ ತೊಳೆಯುತ್ತಿದ್ದಳು. ದನದ ಡಾಕ್ಟರು. ಹನ್ನೆರಡು ವರ್ಷದ ಹಿಂದೆ ಸುಜಾತಾ ಔರಾದದ ಶಾಲೆಗೆ ವರ್ಗವಾಗಿ ಹೋಗಿದ್ದಾಗ ಪಕ್ಕದ ಕ್ವಾರ್ಟರ್ಸಿನಲ್ಲಿದ್ದವಳು. ಡಾಬಕಾದ ಕುರಿಗಳಿಗೆ ಲಸಿಕೆ ಹಾಕಿ ಬಂದು, ಮೊಣಕೈವರೆಗೂ ಸಾಬೂನು ತಿಕ್ಕಿ, ವರಾಂಡದ ಚಾಪೆಯ ಮೇಲೆ ಎಲೆ ಹಂಚಿ, ಇದು ಎಕ್ಕ, ಇದು ತುರುಫು ಎಂದು ಮೊದಲಿನಿಂದ ಹೇಳಿಕೊಟ್ಟವಳು. "ಟೀಚರ್, ಜೋಡಿದವ್ರು ಏನ್ ಹೇಳಿದ್ರು ಅಂತ ಮಾತ್ರ ಅಲ್ಲ, ಏನ್ ಬಿಟ್ರು ಅದನ್ನೂ ಕೇಳ್ರಿ," ಅನ್ನುತ್ತಿದ್ದಳು. ನಾಲ್ಕು ವರ್ಷ ಇಬ್ಬರೂ ಜೋಡಿಯಾಗಿ ಆಡಿದ್ದರು. ಆಮೇಲೆ ಸುಜಾತಾಗೆ ಭಾಲ್ಕಿಗೆ ವರ್ಗವಾಯಿತು, ಸತೀಶ ತಾನೂ ಕಲಿತು ಅವಳ ಎದುರಿಗೆ ಬಂದು ಕೂತ. ಅಂಜುಮ ಮೆಲ್ಲಗೆ ದೂರವಾದಳು. ಈದ್‌ಗೆ ಬರುತ್ತಿದ್ದ ಶೀರ್ ಖುರ್ಮಾದ ಡಬ್ಬಿ ನಿಂತಿತು. ಸೋತ ಸಿಟ್ಟು ಎಂದು ಸುಜಾತಾ ತಿಳಿದಿದ್ದಳು. ಅದರ ಬಗ್ಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ಡಾಕ್ಟರ್," ಅಂದಳು. "ನಾ ಅವ್ರ ಕೈ ನೋಡಿ ಬಿಡ್ ಹೇಳ್ತಿದ್ದೆ."

ಅಂಜುಮ ನಲ್ಲಿ ಬಂದ್ ಮಾಡಿದಳು.

"ಮಾಲೂಮ್ ಅದ."

"ಯಾವಾಗಿಂದ?"

"ನೀವು ಜೋಡಿ ಆದ ಎರಡನೇ ವರ್ಷದಿಂದ. ನನಗಷ್ಟೇ ಅಲ್ಲ, ಕ್ಲಬ್ಬಿಗೆಲ್ಲಾ ಮಾಲೂಮ್ ಅದ ಟೀಚರ್. ಸತೀಶ ಸಾಹೇಬ್ರ ಎಲಿ ಕೆಳಗ ಬಿತ್ತು, ಇನ್ನ ಬಾಯಾರು ಪಾಸ್ ಅಂತಾರ ಅಂತ ಆಚಿ ಟೇಬಲ್‌ನ್ಯಾಗ ಚೇಷ್ಟಾ ಮಾಡ್ತಾರ."

"ನನಗ ಗೊತ್ತಿದ್ದಿಲ್ಲ."

ಅಂಜುಮ ದುಪಟ್ಟಾದಿಂದ ಕೈ ಒರೆಸಿಕೊಳ್ಳುತ್ತ ಅವಳನ್ನು ನೋಡಿದಳು. ಕುರಿಯ ಕಣ್ಣಿನ ರೆಪ್ಪೆ ಎಳೆದು ರೋಗ ನೋಡುವಾಗಿನ ನೋಟ ಅದು, ಮರುಕವೂ ಇಲ್ಲ, ಸಿಟ್ಟೂ ಇಲ್ಲ.

"ಮಿಯಾ ಬೀಬಿ ಮನ್ಯಾಗ ಕುಂತು ಮಾತಾಡ್ಕೊಂಡು ಬಂದಾರ ಅಂತ ತಿಳ್ಕೊಂಡಿದ್ದೆ ನಾ," ಅಂದಳು. "ನಾನೇ ಕಲಿಸಿದ ಆಟ. ಅದ್ರಾಗ ಹಿಂಗ ಮಾಡ್ತಾರ ಅಂತ ನಿಮ್ಮ ಮುಖ ನೋಡ್ಲಿಕ್ಕೂ ಹೇಸಿಗಿ ಬರ್ತಿತ್ತು. ಅದಕ್ಕ ಬರೂದು ಬಿಟ್ಟೆ."

"ಈಗ?"

"ಈಗ ಏನ್ ಹೇಳ್ಲಿ ಟೀಚರ್? ಎರಡು ಪುಡಿ ಬದಾಮ ಇಟ್ಕೊಂಡು ಆರು ಅಂದ್ರಿ. ಯಾರರೆ ಬೇಕಂತ ಹಂಗ ಅಂತಾರೇನು? ಗೊತ್ತಿದ್ದಿಲ್ಲ ಅಂದ್ರ ಹೌದು ಅನ್ಕೋತೇನಿ. ಆದ್ರ ಎಂಟು ವರ್ಷ ಹೋಯ್ತು."

ಸುಜಾತಾ ನೆಟ್ಟಗೆ ಹಣಮಂತಪ್ಪನವರ ಹತ್ತಿರ ಹೋದಳು. ಅವರು ಸ್ಕೋರ್ ಹಾಳೆಯ ಮೇಲೆ ಬಿದ್ದ ಭಜಿಯ ಚೂರನ್ನು ಊದುತ್ತಿದ್ದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು, ಸುತ್ತ ಒಮ್ಮೆ ನೋಡಿದರು.

"ಬಾಯಾರ, ಇಷ್ಟ ದೊಡ್ಡದ ಮಾಡಬ್ಯಾಡ್ರಿ. ಗಂಡ ಹೆಂಡ್ತಿ ಎದರಾಬದರಾ ಕುಂತ್ರ ಒಂದೀಟು ಹಿಂಗ ಇರೂದೇ. ಒಬ್ಬಾಂವ ತನ್ನ ಎಲಿ ತನ್ನ ಕೈಯಾಗ ಹಿಡದ ಅಂತ ನಾ ಏನಂತ ಬರೀಲ್ರಿ ಇದ್ರಾಗ?"

"ನಾನೇ ಹೇಳ್ಲಿಕತ್ತೇನಲ್ರಿ."

"ನೀವು ಹೇಳ್ತೀರಿ, ಅವ್ರು ಇಲ್ಲ ಅಂತಾರ. ಮನಿ ಮಾತು ಮನ್ಯಾಗಿರ್ಲಿ." ಅವರು ಕನ್ನಡಕ ಮತ್ತೆ ಏರಿಸಿದರು. "ಇನ್ನ ನಾಲ್ಕ ಆಟ ಅವ. ಮುಗಿಸಿಬಿಡ್ರಿ, ಪಾಪ ಅಂಜುಮ ಮೇಡಮ್‌ಗೂ ಮನಿಗಿ ಹೋಗೂದದ."

ಎಲ್ಲರೂ ಒಬ್ಬೊಬ್ಬರಾಗಿ ಮೇಜಿಗೆ ಮರಳಿದರು. ಸತೀಶ ಆಗಲೇ ಬಂದು ಕೂತು ತನ್ನ ಮುಂದಿನ ಬಟ್ಟೆಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದ, ಒಣಗಿದೆಯೋ ಇಲ್ಲವೋ ಎಂದು. ಆ ಸವರುವಿಕೆಯನ್ನು ಕಂಡು ಸುಜಾತಾ ಬಾಗಿಲಲ್ಲೇ ನಿಂತಳು. ಎದ್ದು ಹೋಗಿಬಿಡಬಹುದು. ಹೋದರೆ ಹೆಂಗಸಿಗೆ ತಲೆನೋವು ಬಂತು ಎಂದು ಅವನು ಎಲ್ಲರಿಗೂ ಹೇಳುತ್ತಾನೆ. ಕೂತರೆ ಕಣ್ಣು ಅವನ ಕೈಗೆ ಹೋಗಿಯೇ ಹೋಗುತ್ತದೆ. ತನ್ನ ಕಣ್ಣಿನ ಮೇಲೆ ಅವಳಿಗೆ ಈಗ ನಂಬಿಕೆ ಉಳಿದಿರಲಿಲ್ಲ.

ಗೋಡೆಗೆ ಒರಗಿಸಿ ಕ್ಲಬ್ಬಿನ ಕೇರಂ ಬೋರ್ಡ್ ನಿಲ್ಲಿಸಿದ್ದರು. ಅವಳು ಅದನ್ನು ಎರಡೂ ಕೈಯಿಂದ ಎತ್ತಿದಳು. ತಿಳಿದದ್ದಕ್ಕಿಂತ ಭಾರವಿತ್ತು. ಸೆರಗಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತು. ತಂದು ಬ್ರಿಜ್ ಮೇಜಿನ ನಟ್ಟನಡುವೆ, ತನಗೂ ಗಂಡನಿಗೂ ಅಡ್ಡಲಾಗಿ, ಅಂಚಿನ ಮೇಲೆ ನಿಲ್ಲಿಸಿದಳು.

"ಏನ್ ನಡಸೀದಿ ಇದು?" ಬೋರ್ಡಿನ ಆಚೆಯಿಂದ ಸತೀಶನ ದನಿ ಬಂತು. "ತಲಿ ಕೆಟ್ಟದೇನು? ಮಾಸ್ತರ್ರ, ನೋಡ್ರಿ ಇಲ್ಲಿ!"

ಹಣಮಂತಪ್ಪ ಓಡಿ ಬಂದರು. ಪಕ್ಕದ ಮೇಜಿನವರು ಕುರ್ಚಿ ತಿರುಗಿಸಿದರು. ಯಾರೋ ಕಿಸಕ್ಕೆಂದು ನಕ್ಕರು.

"ದೊಡ್ಡ ಟೂರ್ನಮೆಂಟಿನ್ಯಾಗ ಹಿಂಗ ಪಡದಾ ಹಾಕ್ತಾರಲ್ರಿ ಮಾಸ್ತರ್ರ," ಅಂದಳು ಸುಜಾತಾ. ಅವಳ ದನಿ ತರಗತಿಯಲ್ಲಿ ಇರುವಷ್ಟೇ ಸಮವಾಗಿತ್ತು. "ಬಿಡ್ ಮುಗಿಯೂತನ ಇರ್ಲಿ. ಆಟಕ್ಕ ತೆಗೀತೇನಿ. ಎದುರಾಳಿಗಳು ಬ್ಯಾಡ ಅಂದ್ರ ಈಗೇ ತೆಗೀತೇನಿ."

ಬೋರ್ಡ್ ಒಂದು ಕಡೆ ವಾಲಿತು. ಅಂಜುಮ ಎಡಗೈ ಚಾಚಿ ಅದರ ಮೂಲೆ ಹಿಡಿದಳು. ಅಕ್ಕನ ಮುಖ ನೋಡಿ ಮುಬಶ್ಶೀರ ಇನ್ನೊಂದು ಮೂಲೆ ಹಿಡಿದ. ಹಣಮಂತಪ್ಪ ತಮ್ಮ ಕುರ್ಚಿಗೆ ಮರಳಿದರು.

ಎಲೆ ಹಂಚಿದರು. ಎಂಟು ವರ್ಷದಲ್ಲಿ ಮೊದಲ ಸಲ ಸುಜಾತಾಳ ಕಣ್ಣ ಮುಂದೆ ಹದಿಮೂರು ಎಲೆ ಮತ್ತು ಒಂದು ಮರದ ಹಲಗೆ ಬಿಟ್ಟು ಏನೂ ಇರಲಿಲ್ಲ.

"ಒಂದು ಬದಾಮ," ಅಂದಿತು ಆಚೆಯ ದನಿ. ಸಿಟ್ಟಿತ್ತು ಅದರಲ್ಲಿ.

ಅವಳ ಹತ್ತಿರ ಬದಾಮದ ಎಕ್ಕ, ರಾಜ ಸೇರಿ ಐದು ಎಲೆ. "ಮೂರು ಬದಾಮ."

"ಮೂರು ಇಸ್ಪೀಕ." ಇಸ್ಪೀಕದ ಎಕ್ಕ ಅವನಲ್ಲಿ.

"ನಾಲ್ಕು ಕಿಲವರ." ಕಿಲವರದ ಎಕ್ಕ ಅವಳಲ್ಲಿ.

"ನಾಲ್ಕು ಬದಾಮ."

ಚೌಕಟವನ್ನು ದಾಟಿದ, ಅದರ ಎಕ್ಕ ಇಲ್ಲ. ಅವಳು ಅಭ್ಯಾಸದಂತೆ ಎದೆಯ ಕೆಳಗಿನ ಆ ತಣ್ಣಗಿನ ಜಾಗಕ್ಕಾಗಿ ತಡಕಿದಳು. ಅಲ್ಲಿ ಏನೂ ಇರಲಿಲ್ಲ. ಖಾಲಿ ಡಬ್ಬಿಯ ತಳದಂತೆ ಬರಿದಾಗಿತ್ತು. ಒಂದು ಗಳಿಗೆ ಅವಳಿಗೆ ಭಯವಾಯಿತು. ತನಗೆ ಈ ಆಟ ಬರುವುದೇ ಇಲ್ಲವೇನೋ.

ಆಮೇಲೆ ತನ್ನ ಎಲೆಗಳನ್ನು ನೋಡಿದಳು, ಔರಾದದ ಚಾಪೆಯ ಮೇಲೆ ನೋಡುತ್ತಿದ್ದ ಹಾಗೆ, ಒಂದೊಂದನ್ನೇ. ಚೌಕಟದ್ದು ಒಂದೇ ಎಲೆ ಇತ್ತು, ಎರಡರ ಎಲೆ. ಒಂದೇ ಇದ್ದರೆ ಎದುರಾಳಿಗಳು ಚೌಕಟದ ಎಕ್ಕದಿಂದ ಒಂದು ಟ್ರಿಕ್ ಹೊಡೆಯಬಹುದು, ಎರಡನೆಯದನ್ನು ಅವಳ ಕೈ ತುರುಫಿನಿಂದ ಕತ್ತರಿಸುತ್ತದೆ. ಇಸ್ಪೀಕದ ಎಕ್ಕ ಅವನಲ್ಲಿದೆ, ಕಿಲವರದ್ದು ತನ್ನಲ್ಲಿ. ಎಕ್ಕವಿಲ್ಲದ ಬಣ್ಣದಲ್ಲಿ ಹೋಗುವುದು ಒಂದೇ ಒಂದು. ಇನ್ನೊಮ್ಮೆ ಎಣಿಸಿದಳು. ಅದೇ ಉತ್ತರ ಬಂತು. ಇದು ಎಲ್ಲಿಂದಲೋ ಎದ್ದ ಖಾತ್ರಿಯಾಗಿರಲಿಲ್ಲ. ಹಲಗೆಯ ಆಚೆಯಿಂದ ಬಂದ ಮೂರು ಬಿಡ್, ತನ್ನ ಹದಿಮೂರು ಎಲೆ, ಅಷ್ಟರಿಂದ ಮೆಟ್ಟಿಲು ಮೆಟ್ಟಿಲಾಗಿ ತಾನೇ ನಡೆದು ಬಂದು ತಲುಪಿದ ಜಾಗ. ಆರು ಬದಾಮ. ಅವಳ ಕಿವಿ ಬಿಸಿಯಾಯಿತು. ಹೇಳಲು ತುಟಿ ತೆರೆದಳು.

ಆಚೆಯಿಂದ ಸತೀಶ ಕೆಮ್ಮಿದ.

ಅದು ಕೆಮ್ಮಾಗಿರಲಿಲ್ಲ. ಗಂಟಲು ಸರಿಮಾಡಿಕೊಳ್ಳುವವನ ಹಾಗೆ ಒಮ್ಮೆ, ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ಬೋರ್ಡಿನ ಆ ಬದಿಯ ಮರದ ಮೇಲೆ ಉಗುರಿನಿಂದ ಎರಡು ಸಲ, ಟಕ್, ಟಕ್. ನಡೆ, ನಡೆ.

ಮುಬಶ್ಶೀರ ತಲೆ ತಗ್ಗಿಸಿದ. ಅಂಜುಮ ಬೋರ್ಡಿನ ಮೂಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಬೆರಳಿನ ಗಿಣ್ಣುಗಳು ಬೆಳ್ಳಗಾದವು.

ಸುಜಾತಾ ಬಾಯಿ ತೆರೆದಂತೆಯೇ ಕೂತಿದ್ದಳು. ಆರು ಬದಾಮ ಅವಳ ನಾಲಿಗೆಯ ಮೇಲೆ ಇತ್ತು. ಒಂದು ಉಸಿರಿನ ಹಿಂದೆ ಅದು ಅವಳದಾಗಿತ್ತು. ಈಗ ಅದರ ಮೇಲೆ ಅವನ ಉಗುಳು ಬಿದ್ದಿತ್ತು. ಹೇಳಿದರೆ ಅವನು ಕೆಮ್ಮಿದ್ದಕ್ಕೆ ಹೇಳಿದಂತೆ. ಎಕ್ಕ ಎಣಿಸಿದ್ದು, ಆ ಒಂಟಿ ಎಲೆಯನ್ನು ಕಂಡುಕೊಂಡಿದ್ದು ಯಾರಿಗೂ ಕಾಣುವುದಿಲ್ಲ. ನಾಳೆ ಅವಳಿಗೇ ಅನುಮಾನ ಬರುತ್ತದೆ, ಮೊದಲು ಎಣಿಸಿದ್ದೋ, ಮೊದಲು ಕೇಳಿಸಿದ್ದೋ.

"ಪಾಸ್," ಅಂದಳು.

"ಏನು?" ಆಚೆಯ ದನಿ ಕೂಗಿತು. "ಏನಂದಿ?"

"ಪಾಸ್ ಅಂದೆ."

ಅಂಜುಮಳೂ ಪಾಸ್ ಅಂದಳು. ಬಿಡ್ ಮುಗಿದಿತ್ತು. ಅವಳೂ ಮುಬಶ್ಶೀರನೂ ಬೋರ್ಡನ್ನು ಎತ್ತಿ ಮೆಲ್ಲಗೆ ನೆಲಕ್ಕಿಳಿಸಿದರು. ಅದು ನಿಂತಿದ್ದ ಉದ್ದಕ್ಕೂ ಹಸಿರು ಬಟ್ಟೆಯ ಮೇಲೆ ಪುಡಿಯ ಬಿಳಿ ಗೆರೆ ಬಿದ್ದಿತ್ತು. ಗೆರೆಯ ಆಚೆ ಸತೀಶನ ಮುಖ ಕೆಂಪಾಗಿ, ತುಟಿ ಅದುರುತ್ತಿತ್ತು. ಮುಬಶ್ಶೀರ ಇಸ್ಪೀಕದ ಒಂದು ಸಣ್ಣ ಎಲೆ ಹಾಕಿದ. ಸುಜಾತಾ ತನ್ನ ಎಲೆಗಳನ್ನು ಹಾಸತೊಡಗಿದಳು. ಬದಾಮ ಐದು, ಇಸ್ಪೀಕ ಮೂರು, ಕಿಲವರ ನಾಲ್ಕು. ಕೊನೆಗೆ ಚೌಕಟದ ಸಾಲಿನಲ್ಲಿ ಎರಡರ ಆ ಒಂದೇ ಎಲೆ.

ಅಂಜುಮ ಅದನ್ನು ನೋಡಿದಳು. ಎಣಿಸುತ್ತಿದ್ದಾಳೆಂದು ಸುಜಾತಾಗೆ ಗೊತ್ತಾಯಿತು, ತಾನು ಎಣಿಸಿದ ಕ್ರಮದಲ್ಲೇ, ಒಂದೊಂದೇ ಮೆಟ್ಟಿಲು. ಸತೀಶ ಏನೋ ಅನ್ನುತ್ತಿದ್ದ, ಹಣಮಂತಪ್ಪ ದೂರದಿಂದ "ಆಟಾ ಆಡ್ರಿ, ಆಟಾ ಆಡ್ರಿ" ಅನ್ನುತ್ತಿದ್ದರು. ಅಂಜುಮ ಮೇಜಿನ ಮೇಲೆ ಬಾಗಿದಳು. ಆ ಒಂಟಿ ಎಲೆಯ ಮೇಲೆ ಕೂತಿದ್ದ ಬಿಳಿ ಪುಡಿಯನ್ನು, ಎಲೆ ಅಲುಗದ ಹಾಗೆ, ಸಣ್ಣಗೆ ಊದಿದಳು.